ಮೊಹೆಂಜೊದಾರೊದ ಚರಂಡಿ ಬಳಿದವರು ಯಾರು?

ಪೋಸ್ಟ್ ಸ್ವಲ್ಪ ಉದ್ದ ಇದೆ. ಈಗ ಪುರುಸೊತ್ತಿಲ್ಲ ಅಂದ್ರೆ ಸೇವ್ ಮಾಡಿಟ್ಟುಕೊಂಡು ಭಾನುವಾರ ಓದಿ.

ಹೋದ ವಾರ ಒಂದು ಚಿಕ್ಕ ಸಭೆಯಲ್ಲಿ ಮಾತಾಡಿದ್ದೆ. ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. "ನೋಡಿ ಸಾರ್, ನೀವು ಜಾತಿ ಜಾತಿ ಅಂತೀರಿ. ಮೇಲು ಕೀಳು ಅನ್ನೋದು ಮನುಷ್ಯ ಹುಟ್ಟಿದಾಗಿನಿಂದ ಇದೆ. ಈಜಿಪ್ಟಲ್ಲಿ ಇರಲಿಲ್ವಾ? ಬ್ಯಾಬಿಲೋನಲ್ಲಿ ಗುಲಾಮರು ಇರಲಿಲ್ವಾ? ಪ್ರಪಂಚದಲ್ಲಿ ಎಲ್ಲ ಕಡೆ ಇದ್ದದ್ದೇ ಇಲ್ಲೂ ಇದೆ" ಅಂದ್ರು. ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ, ಸಮಾಧಾನ ಮಾಡೋ ಧಾಟಿಯಲ್ಲೇ ಹೇಳಿದ್ರು. ಅವರ ಮಾತಿಗಿಂತ, ಮುಂದೆ ಕೂತಿದ್ದ ನಮ್ಮ ಕೇರಿಯ ಹುಡುಗರಿಬ್ಬರು ಹೌದು ಹೌದು ಅಂತ ತಲೆಯಾಡಿಸಿದರಲ್ಲ, ಅದು ನನಗೆ ಚುಚ್ಚಿತು. ಅಲ್ಲಿ ನಾನು ಕೊಟ್ಟ ಉತ್ತರ ಘೋಷಣೆ ಥರ ಇತ್ತು. ಚಪ್ಪಾಳೆ ಬಿತ್ತು, ಉತ್ತರ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ. ಆ ಇಬ್ಬರು ಹುಡುಗರು ಓದಲಿ ಅಂತ.

ನಾನು ಬಿಎ ಓದುವಾಗ ಇತಿಹಾಸದಲ್ಲಿ ಒಂದು ಖಾಯಂ ಪ್ರಶ್ನೆ ಇತ್ತು: ಸಿಂಧೂ ಕಣಿವೆ ನಾಗರಿಕತೆಯ ಒಳಚರಂಡಿ ವ್ಯವಸ್ಥೆಯನ್ನು ವಿವರಿಸಿ. ನಾವೆಲ್ಲ ಬಾಯಿಪಾಠ ಮಾಡಿ ಬರೀತಿದ್ವಿ. ಸುಟ್ಟ ಇಟ್ಟಿಗೆಯ ಚರಂಡಿ, ಮೇಲೆ ಮುಚ್ಚಳ, ಮನೆಮನೆಯಿಂದ ಬೀದಿ ಚರಂಡಿಗೆ ಜೋಡಣೆ. ಒಳ್ಳೆ ಅಂಕವೂ ಬರ್ತಿತ್ತು. ಆ ಚರಂಡಿ ಒಳಗೆ ಕೈ ಹಾಕಿದವರು ಯಾರು ಅಂತ ಪುಸ್ತಕ ಬರೆದವರೂ ಕೇಳಲಿಲ್ಲ, ಪಾಠ ಮಾಡಿದವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ತಾತ ಚರಂಡಿ ಬಳಿದವರು. ಆದರೂ ನನಗೆ ಹೊಳೆಯಲಿಲ್ಲ, ನೋಡಿ.

ಆ ಪ್ರಶ್ನೆಗೆ ಬರೋ ಮುಂಚೆ "ಮನುಷ್ಯ ಹುಟ್ಟಿದಾಗಿನಿಂದ" ಅನ್ನೋ ಮಾತಿನ ಲೆಕ್ಕ ಹಾಕೋಣ. ಗುಮಾಸ್ತನ ಲೆಕ್ಕ.

ನಮ್ಮಂಥ ಮನುಷ್ಯರ ಹಳೆಯ ಮೂಳೆಗಳು ಮೊರಾಕ್ಕೊ ದೇಶದ ಜೆಬೆಲ್ ಇರೂದ್ ಅನ್ನೋ ಜಾಗದಲ್ಲಿ ಸಿಕ್ಕಿವೆ. ಅವುಗಳ ವಯಸ್ಸು ಸುಮಾರು 3 ಲಕ್ಷ ವರ್ಷ ಅಂತ 2017ರಲ್ಲಿ ಪ್ರಕಟವಾಯಿತು. ಈ 3 ಲಕ್ಷ ವರ್ಷವನ್ನ ಒಬ್ಬ ನೌಕರನ 30 ವರ್ಷದ ಸರ್ವೀಸ್ ಅಂತ ಇಟ್ಕೊಳ್ಳಿ. ಬೇಸಾಯ ಶುರುವಾಗಿದ್ದು ರಿಟೈರ್ಡ್ ಆಗೋಕೆ ಹದಿನಾಲ್ಕು ತಿಂಗಳು ಇರುವಾಗ. ಊರು ಬೆಳೆದು ನಗರ ಆಗಿದ್ದು, ಬರವಣಿಗೆ ಬಂದಿದ್ದು ಕೊನೇ ಆರು ತಿಂಗಳಲ್ಲಿ. ನಮ್ಮ ದೇಶದ ಜಾತಿಗಳು ಗಟ್ಟಿಯಾಗಿ ಬಾಗಿಲು ಮುಚ್ಚಿಕೊಂಡಿದ್ದು ಕೊನೇ ಎರಡು ಎರಡೂವರೆ ತಿಂಗಳಲ್ಲಿ. ಈ ಕೊನೇದಕ್ಕೆ ಆಧಾರ ಏನು ಅಂತ ಮುಂದೆ ಹೇಳ್ತೀನಿ. ಸರ್ವೀಸ್ ರಿಜಿಸ್ಟರಲ್ಲಿ ಕೊನೇ ಎರಡು ತಿಂಗಳ ಎಂಟ್ರಿ ನೋಡಿ "ಈತ ನೌಕರಿಗೆ ಸೇರಿದಾಗಿನಿಂದ ಹೀಗೇ" ಅಂತ ಯಾರಾದ್ರೂ ಷರಾ ಬರೆದ್ರೆ ಒಪ್ತೀರಾ?

ಹಾಗಂತ ಹಿಂದಿನದೆಲ್ಲ ಸ್ವರ್ಗ ಅಂತ ನಾನು ಹೇಳಲ್ಲ. ಬೇಟೆಯಾಡಿ, ಗೆಡ್ಡೆಗೆಣಸು ಹೆಕ್ಕಿ ಬದುಕಿದವರೂ ಹೊಡೆದಾಡಿದ್ದಾರೆ, ಕೊಂದಿದ್ದಾರೆ. ಆದರೆ ಹುಟ್ಟುತ್ತಲೇ ಒಂದು ಮಗುವಿನ ಕೈಗೆ ಪೊರಕೆ, ಇನ್ನೊಂದು ಮಗುವಿನ ಕೈಗೆ ಪುಸ್ತಕ ಅಂತ ಬರೆದಿಡೋಕೆ ಮೊದಲು ಕೂಡಿಡೋ ಕಣಜ ಬೇಕು, ಕಣಜಕ್ಕೆ ಕಾವಲು ಬೇಕು, ಕಾವಲಿಗೆ ಕಾನೂನು ಬೇಕು. ದಿನಾ ಹುಡುಕಿ ದಿನಾ ತಿನ್ನೋರ ಹತ್ತಿರ ಇದ್ಯಾವುದೂ ಇರಲಿಲ್ಲ.

ಸರಿ, ಬೇಸಾಯ ಬಂದ ಕೂಡಲೇ ಮೇಲು ಕೀಳು ಬಂತಾ? ಅದೂ ಇಲ್ಲ. ಟರ್ಕಿಯಲ್ಲಿ ಚಾತಾಲ್‌ಹೊಯುಕ್ ಅಂತ ಒಂದು ಊರು ಅಗೆದಿದ್ದಾರೆ. ಕ್ರಿ.ಪೂ. 7100ರ ಸುಮಾರಿಗೆ ಶುರುವಾಗಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಸಾವಿರಾರು ಜನ ಬಾಳಿದ ಊರು. ಬೀದಿಯೇ ಇಲ್ಲ, ಮನೆಗೆ ಮನೆ ಅಂಟಿಕೊಂಡು, ಛಾವಣಿ ಮೇಲಿಂದ ಏಣಿ ಇಳಿದು ಒಳಗೆ ಹೋಗಬೇಕು. ಸತ್ತವರನ್ನ ಮನೆಯ ನೆಲದ ಕೆಳಗೇ ಹೂಳ್ತಿದ್ರು. ಅರಮನೆ ಅನ್ನುವಂಥದ್ದು ಸಿಕ್ಕಿಲ್ಲ. ಊರಾಚೆಗೆ ಇನ್ನೊಂದು ಕೇರಿ ಅಂತಲೂ ಸಿಕ್ಕಿಲ್ಲ.

ಗಂಟು ಬೀಳೋದು ನಗರದಲ್ಲಿ. ಇರಾಕಿನ ದಕ್ಷಿಣದಲ್ಲಿ ಉರುಕ್ ಅನ್ನೋ ನಗರ. ಕ್ರಿ.ಪೂ. 3300ರ ಆಸುಪಾಸಿನಲ್ಲಿ ಮಣ್ಣಿನ ಹಲಗೆ ಮೇಲೆ ಜನ ಬರೆಯೋಕೆ ಶುರು ಮಾಡಿದ್ರು. ಏನು ಬರೆದ್ರು, ಕವಿತೆನಾ? ಮಂತ್ರಾನಾ? ಅಲ್ಲ. ಬಾರ್ಲಿ ಎಷ್ಟು ಬಂತು, ಬಿಯರ್ ಎಷ್ಟು ಹೋಯ್ತು, ಕುರಿ ಎಷ್ಟು, ಆಳು ಎಷ್ಟು. ಮೊದಮೊದಲ ಹಲಗೆಗಳಲ್ಲಿ ಹೆಚ್ಚಿನವು ಇಂಥ ಲೆಕ್ಕಪತ್ರಗಳೇ. ಅಂದ್ರೆ ಪ್ರಪಂಚದ ಮೊದಲ ಬರಹಗಾರ ಋಷಿಯಲ್ಲ, ನನ್ನಂಥ ಒಬ್ಬ ಗುಮಾಸ್ತ. (ಇದನ್ನ ಓದಿದ ದಿನ ಆಫೀಸಲ್ಲಿ ಸ್ವಲ್ಪ ಎದೆ ಎತ್ತಿಕೊಂಡೇ ಓಡಾಡಿದೆ.)

ಆದರೆ ಆ ಗುಮಾಸ್ತ ಬರೆದಿದ್ದನ್ನ ಸ್ವಲ್ಪ ಹತ್ತಿರದಿಂದ ನೋಡಿ. ಉರುಕಲ್ಲಿ ಒಂದೇ ಅಚ್ಚಿನ ಒರಟು ಮಣ್ಣಿನ ಬಟ್ಟಲುಗಳು ರಾಶಿರಾಶಿ ಸಿಕ್ಕಿವೆ. ಅಂದಗೆಟ್ಟ ಬಟ್ಟಲು, ಯಾರ ಮನೆಯಲ್ಲೂ ಇಷ್ಟಪಟ್ಟು ಇಟ್ಕೊಳ್ಳೋ ಸಾಮಾನಲ್ಲ. ಆಳುಗಳಿಗೆ ಪಡಿ ಅಳೆದು ಕೊಡೋಕೆ ಇದ್ದಿದ್ದು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಅವರ ಲಿಪಿಯಲ್ಲಿ 'ತಿನ್ನು' ಅನ್ನೋದಕ್ಕೆ ಗುರುತು, ಒಂದು ತಲೆ, ಪಕ್ಕದಲ್ಲಿ ಇಂಥದೇ ಒಂದು ಬಟ್ಟಲು. 'ದಾಸಿ' ಅನ್ನೋದಕ್ಕೆ ಗುರುತು, ಹೆಣ್ಣು ಅನ್ನೋ ಚಿಹ್ನೆ ಜೊತೆ ಬೆಟ್ಟದ ಚಿಹ್ನೆ. ಬೆಟ್ಟದ ಕಡೆಯಿಂದ ಹಿಡಿದು ತಂದ ಹೆಣ್ಣು. ಅಕ್ಷರ ಹುಟ್ಟಿದ ಹೊತ್ತಿಗೇ ಅಕ್ಷರದೊಳಗೆ ಆ ತಾಯಿ ಕೂತಿದ್ದಾಳೆ.

ಹಾಗಾಗಿ ಆ ಹಿರಿಯರು ಹೇಳಿದ್ದರಲ್ಲಿ ಅರ್ಧ ನಿಜ. ಬ್ಯಾಬಿಲೋನಲ್ಲಿ ಗುಲಾಮರಿದ್ದರು. ಕ್ರಿ.ಪೂ. 1750ರ ಸುಮಾರಿನ ಹಮ್ಮುರಾಬಿಯ ಕಾನೂನಲ್ಲಿ ಸರೀಕನ ಕಣ್ಣು ಕಿತ್ತರೆ ಕಣ್ಣೇ ಕೊಡಬೇಕು. ಕೆಳಗಿನವನ ಕಣ್ಣು ಕಿತ್ತರೆ ಬೆಳ್ಳಿ ಕೊಟ್ಟರೆ ಸಾಕು. ಗುಲಾಮನ ಕಣ್ಣಾದರೆ ಅವನ ಬೆಲೆಯ ಅರ್ಧ, ಅದೂ ಅವನ ಯಜಮಾನನಿಗೆ. ಇದನ್ನ ನಾಗರಿಕತೆ ಅಂತ ಹೊಗಳೋಕೆ ನನಗೆ ಮನಸ್ಸಿಲ್ಲ. ಆದರೆ ಇನ್ನರ್ಧ ಏನು? ಅದೇ ಕಾನೂನಲ್ಲಿ, ಸಾಲಕ್ಕಾಗಿ ಹೆಂಡತಿ ಮಕ್ಕಳನ್ನ ಜೀತಕ್ಕೆ ಇಟ್ಟರೆ ಮೂರು ವರ್ಷ ದುಡಿಸಿಕೊಳ್ಳಬಹುದು, ನಾಲ್ಕನೇ ವರ್ಷ ಬಿಡಲೇಬೇಕು. ಗುಲಾಮನ ಗುರುತು ಅಂದ್ರೆ ಅವನ ತಲೆಗೂದಲಿನ ಒಂದು ಗುರುತು. ಯಜಮಾನನ ಒಪ್ಪಿಗೆ ಇಲ್ಲದೆ ಅದನ್ನ ಬೋಳಿಸಿದ ಕ್ಷೌರಿಕನಿಗೆ ಶಿಕ್ಷೆ ಅಂತ ಕಾನೂನು ಹೇಳುತ್ತೆ. ಅಂದ್ರೆ ಬೋಳಿಸಿದ್ರೆ ಹೋಗುವಂಥ ಗುರುತು ಅದು, ಅದಕ್ಕೇ ಕಾನೂನಿಗೆ ಹೆದರಿಕೆ. ನಮ್ಮ ಗುರುತು ಯಾವ ಕ್ಷೌರಿಕನ ಕತ್ತಿಗೂ ಹೋಗಲ್ಲ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದಿದ್ದು ಬರೀ ಅಸಮಾನತೆಗಲ್ಲ.

ಈಜಿಪ್ಟ್ ಬಗ್ಗೆ ಒಂದೇ ಮಾತು. ಅಲ್ಲಿ ರಾಜರ ಗೋರಿ ಕೊರೆಯೋ ಕೆಲಸಗಾರರ ಊರು ದೇರ್ ಎಲ್ ಮದೀನಾ. ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷ, ಅಂದ್ರೆ ಇವತ್ತಿಗೆ ಸುಮಾರು 3,170 ವರ್ಷದ ಹಿಂದೆ, ಪಡಿ ಧಾನ್ಯ ಬರೋದು ತಡವಾಯ್ತು ಅಂತ ಅವರು ಕೆಲಸ ಬಿಟ್ಟು ಹೊರಗೆ ಬಂದು ದೇವಸ್ಥಾನದ ಹತ್ತಿರ ಕೂತುಬಿಟ್ಟರು. ಧರಣಿ! ಅಮೆನ್ನಖ್ತ್ ಅನ್ನೋ ಲಿಪಿಕಾರ ಅದನ್ನ ದಿನಾಂಕ ಸಮೇತ ಬರೆದಿಟ್ಟ. ಆ ಕಾಗದ ಇವತ್ತೂ ಇಟಲಿಯ ಟ್ಯೂರಿನ್ ಮ್ಯೂಸಿಯಮ್ಮಲ್ಲಿದೆ. ಹಸಿದವರು ಕೂತ ಸುದ್ದಿ ಮೂರು ಸಾವಿರ ವರ್ಷ ಉಳಿದಿದ್ದು ಒಬ್ಬ ಗುಮಾಸ್ತ ಬರೆದದ್ದರಿಂದ. ನಮ್ಮ ಪೌರಕಾರ್ಮಿಕರು ಕೂತಾಗ ಎಷ್ಟು ಜನ ಬರೀತಾರೆ?

ಈಗ ಸಿಂಧೂ ಕಣಿವೆಗೆ.

1924ರಲ್ಲಿ ಜಾನ್ ಮಾರ್ಷಲ್ ಈ ನಾಗರಿಕತೆಯ ಸುದ್ದಿಯನ್ನ ಪ್ರಪಂಚಕ್ಕೆ ಹೇಳಿದರು. ಅದಕ್ಕೆ ಮುಂಚೆ ಹರಪ್ಪದಲ್ಲಿ ಅಗೆದವರು ದಯಾರಾಮ್ ಸಾಹ್ನಿ, ಮೊಹೆಂಜೊದಾರೊದಲ್ಲಿ ಅಗೆದವರು ರಾಖಾಲ್‌ದಾಸ್ ಬ್ಯಾನರ್ಜಿ. ಕ್ರಿ.ಪೂ. 2600ರಿಂದ 1900ರವರೆಗೆ ಈ ನಗರಗಳ ಏಳಿಗೆಯ ಕಾಲ. ಇಟ್ಟಿಗೆ ಅಂದ್ರೆ ಇಟ್ಟಿಗೆ: ದಪ್ಪ ಒಂದು ಪಾಲಾದರೆ ಅಗಲ ಎರಡು, ಉದ್ದ ನಾಲ್ಕು ಪಾಲು. ನೂರಾರು ಮೈಲಿ ದೂರದ ಊರುಗಳಲ್ಲೂ ಅದೇ ಅಳತೆ. ಮೊಹೆಂಜೊದಾರೊ ಒಂದರಲ್ಲೇ ಸುಮಾರು 700 ಬಾವಿ ಇದ್ದಿರಬೇಕು ಅಂತ ಅಂದಾಜು. ಬಹುಪಾಲು ಮನೆಗಳಲ್ಲಿ ಸ್ನಾನಕ್ಕೆ ಇಟ್ಟಿಗೆ ಹಾಸಿದ ಜಾಗ, ಅಲ್ಲಿಂದ ನೀರು ಬೀದಿಗೆ.

ಇಷ್ಟೆಲ್ಲ ಇದ್ದೂ ರಾಜನ ಅರಮನೆ ಇದು ಅಂತ ಬೆರಳು ಮಾಡಿ ತೋರಿಸೋ ಕಟ್ಟಡ ಇಲ್ಲ. ಪಿರಮಿಡ್ ಇಲ್ಲ, ಆನೆ ಗಾತ್ರದ ರಾಜನ ವಿಗ್ರಹ ಇಲ್ಲ. 'ಪುರೋಹಿತ ರಾಜ' ಅಂತ ಪಠ್ಯಪುಸ್ತಕದಲ್ಲಿ ಫೋಟೋ ಹಾಕ್ತಾರಲ್ಲ, ಆ ಬೊಂಬೆ ಒಂದು ಗೇಣೂ ಇಲ್ಲ, ಹದಿನೇಳೂವರೆ ಸೆಂಟಿಮೀಟರ್. ಆತ ಪುರೋಹಿತನೂ ಅಂತಿಲ್ಲ, ರಾಜನೂ ಅಂತಿಲ್ಲ, ಹೆಸರಿಟ್ಟಿದ್ದು ಅಗೆದವರು. ಈ ನಗರಗಳಲ್ಲಿ ಆಳುವ ಒಂದು ಮೇಲ್ವರ್ಗ ಇತ್ತು ಅನ್ನೋದಕ್ಕೆ ಆಧಾರವೇ ಸಾಲದು ಅಂತ 2020ರಲ್ಲಿ ಆಡಮ್ ಗ್ರೀನ್ ಎಂಬ ಪುರಾತತ್ವಜ್ಞ ವಾದಿಸಿದ್ದಾರೆ. ಓದಿದಾಗ ನನಗೂ ಖುಷಿ ಆಯ್ತು. ಆಮೇಲೆ ಚರಂಡಿ ನೆನಪಾಯ್ತು.

ಚರಂಡಿ ತಾನಾಗಿ ಕ್ಲೀನ್ ಆಗಲ್ಲ. ಮೊಹೆಂಜೊದಾರೊದ ಚರಂಡಿಗಳಲ್ಲಿ ಅಲ್ಲಲ್ಲಿ ಗುಂಡಿಗಳಿವೆ, ಗಟ್ಟಿ ಕಸ ತಳಕ್ಕೆ ಇಳಿದು ನೀರು ಮುಂದಕ್ಕೆ ಹೋಗಲಿ ಅಂತ. ಮುಚ್ಚಿದ ಇಟ್ಟಿಗೆಗಳು ಎತ್ತೋಕೆ ಬರುವಂಥವು. ಎತ್ತಬೇಕಾದವರು ಇದ್ದರು ಅಂತಲೇ ಅಲ್ವಾ ಹಾಗೆ ಕಟ್ಟಿದ್ದು? ಅಲ್ಲಿ ಅಗೆತ ನಡೆಸಿದ ಅರ್ನೆಸ್ಟ್ ಮೆಕೆ ಒಂದು ಸಣ್ಣ ವಿಷಯ ಗಮನಿಸಿ ಬರೆದಿದ್ದಾರೆ. ಚರಂಡಿಗಳ ಪಕ್ಕದಲ್ಲಿ ಅಲ್ಲಲ್ಲಿ ಮರಳು ಹೂಳಿನ ಗುಡ್ಡೆಗಳು ಹಾಗೇ ಬಿದ್ದಿದ್ದವಂತೆ. ಹೂಳು ಎತ್ತಿ ದಡಕ್ಕೆ ಹಾಕಿದ್ದಾರೆ, ಸಾಗಿಸಿಲ್ಲ.

ಈ ಸಾಲು ಓದಿ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ನಮ್ಮ ಬೀದಿಯಲ್ಲಿ ಇವತ್ತೂ ಅದೇ. ಚರಂಡಿ ಬಳಿದು ಹೂಳು ದಡಕ್ಕೆ ಹಾಕಿ ಹೋಗ್ತಾರೆ, ಟ್ರ್ಯಾಕ್ಟರ್ ನಾಲ್ಕು ದಿನ ಬರಲ್ಲ, ಮಳೆ ಬಂದ್ರೆ ಮತ್ತೆ ಒಳಗೇ ಹೋಗುತ್ತೆ, ಜನ ಬೈಯೋದು ಟ್ರ್ಯಾಕ್ಟರ್ ಕಳಿಸದವನನ್ನಲ್ಲ, ಬಳಿದವನನ್ನ. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಆ ಗುಡ್ಡೆ ಎತ್ತಿದ ಕೈ ಯಾರದು? ಆಳಿನದಾ? ಸರದಿ ಪ್ರಕಾರ ಬೀದಿಯವರೇ ಮಾಡ್ತಿದ್ರಾ? ಕೂಲಿ ಕೊಡ್ತಿದ್ರಾ? ಆ ಲಿಪಿ ಇನ್ನೂ ಯಾರಿಗೂ ಓದಲಾಗಿಲ್ಲ. ಹಾಗಾಗಿ "ಸಿಂಧೂ ನಗರ ಕಟ್ಟಿದ್ದು ನಾವೇ" ಅಂತ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡೋ ಮೆಸೇಜೂ, "ಅದು ವೇದಕಾಲದ ನಾಗರಿಕತೆ" ಅಂತ ಅವರ ಗುಂಪಲ್ಲಿ ಓಡಾಡೋ ಮೆಸೇಜೂ, ಎರಡನ್ನೂ ನಾನು ಫಾರ್ವರ್ಡ್ ಮಾಡಲ್ಲ. ಆದರೆ ಒಂದು ಹೇಳಬಹುದು. ಕೆಲಸ ಇತ್ತು, ಕೆಲಸ ಮಾಡೋರಿದ್ದರು. ಮುಟ್ಟಿದ್ರೆ ಮೈಲಿಗೆ, ಇವನ ಮಗನೂ ಇದನ್ನೇ ಮಾಡಬೇಕು, ಇವನ ಮಗಳನ್ನ ಬೇರೆಯವರು ಮದುವೆ ಆಗಬಾರದು ಅನ್ನೋ ಕಟ್ಟಲೆ ಇತ್ತು ಅಂತ ತೋರಿಸೋ ಗುರುತು ಮಾತ್ರ ಆ ಮಣ್ಣಲ್ಲಿ ಸಿಕ್ಕಿಲ್ಲ.

ಅದೇ ಕಾಲದಲ್ಲಿ ನಮ್ಮ ಕಡೆ ಏನಿತ್ತು ಅಂತ ಕೇಳ್ತೀರಾ? ನಮ್ಮಲ್ಲಿ ನಗರ ಇರಲಿಲ್ಲ, ದೊಡ್ಡಿ ಇತ್ತು. ಬಳ್ಳಾರಿ ಕಡೆ ಕುಡತಿನಿ, ಕುಪ್ಪಗಲ್ಲುಗಳಲ್ಲಿ, ಕೃಷ್ಣಾ ಭೀಮಾ ನಡುವಿನ ಬೂದಿಹಾಳದಲ್ಲಿ ಬೂದಿದಿಬ್ಬಗಳಿವೆ. ಹಂಪಿ ಹತ್ತಿರ ನಿಂಬಾಪುರದಲ್ಲಿರೋ ದಿಬ್ಬವನ್ನ ವಾಲಿಯನ್ನ ಸುಟ್ಟ ಬೂದಿ ಅಂತ ಜನ ತೋರಿಸ್ತಾರೆ. ಅದು ವಾಲಿಯ ಬೂದಿಯಲ್ಲ, ಸಗಣಿ ಬೂದಿ. ಹೊಸ ಶಿಲಾಯುಗದ ಜನ ದನದ ದೊಡ್ಡಿಯಲ್ಲಿ ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟಿದ್ದರಿಂದ ಎದ್ದ ದಿಬ್ಬಗಳು. ಆಲ್ಚಿನ್ ಎಂಬ ವಿದ್ವಾಂಸರು ದಕ್ಷಿಣ ಭಾರತದ ಈ ದನಗಾಹಿಗಳ ಬಗ್ಗೆ 1963ರಲ್ಲಿ ಪುಸ್ತಕವನ್ನೇ ಬರೆದರು. ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ಅಗೆಸಿದಾಗ ದನ ಕೊಯ್ದು ಪಾಲು ಮಾಡ್ತಿದ್ದ ಒಂದು ನೆಲಗಟ್ಟೇ ಸಿಕ್ಕಿತು, ಮೂಳೆಗಳು, ಕಲ್ಲಿನ ಕತ್ತಿಗಳ ಸಮೇತ. ದನ ಸಾಕಿದವರೂ ಅವರೇ, ಕೊಯ್ದವರೂ ಅವರೇ, ತಿಂದವರೂ ಅವರೇ. ಊಟದ ತಟ್ಟೆ ನೋಡಿ ಮನುಷ್ಯನ ಬೆಲೆ ಕಟ್ಟೋರು ಒಂದು ಸಲ ಬಳ್ಳಾರಿ ಬಸ್ಸು ಹತ್ತಬೇಕು.

ಹಾಗಾದ್ರೆ ಬಾಗಿಲು ಮುಚ್ಚಿದ್ದು ಯಾವಾಗ? ಇಲ್ಲಿಗೆ ಬಂದರೆ ನನಗೆ ಎರಡು ಇಸವಿ ಒಟ್ಟಿಗೆ ನೆನಪಾಗುತ್ತೆ, 1916 ಮತ್ತು 2013.

1916ರ ಮೇ ತಿಂಗಳು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಸೆಮಿನಾರಲ್ಲಿ 25 ವರ್ಷದ ಭೀಮರಾವ್ ಭಾರತದಲ್ಲಿ ಜಾತಿಗಳು ಅನ್ನೋ ಪ್ರಬಂಧ ಓದಿದರು. ಜಾತಿಯ ಜೀವ ಇರೋದು ಮೈಲಿಗೆಯಲ್ಲೂ ಅಲ್ಲ, ಕಸುಬಲ್ಲೂ ಅಲ್ಲ, ಒಳಗೊಳಗೇ ಮದುವೆ ಮಾಡಿಕೊಳ್ಳೋದರಲ್ಲಿ ಅಂತ ಅವರ ವಾದ. ಮೊದಲು ಬೆರೀತಿದ್ದ ವರ್ಗಗಳಲ್ಲಿ ಒಂದು ತನ್ನ ಬಾಗಿಲು ಮುಚ್ಚಿಕೊಂಡಿತು, ಅದನ್ನ ನೋಡಿ ಮಿಕ್ಕವೂ ಮುಚ್ಚಿಕೊಂಡವು. ಅಂದ್ರೆ ಬಾಗಿಲು ತೆರೆದಿದ್ದ ಒಂದು ಕಾಲ ಇತ್ತು. ಆಗ ಡಿಎನ್‌ಎ ಪರೀಕ್ಷೆ ಅನ್ನೋದೇ ಇರಲಿಲ್ಲ.

2013. ಹೈದರಾಬಾದಿನ ಸಿಸಿಎಂಬಿಯ ತಂಗರಾಜ್, ಲಾಲ್‌ಜಿ ಸಿಂಗ್, ಅಮೆರಿಕದ ಪ್ರಿಯಾ ಮೂರ್ಜಾನಿ, ಡೇವಿಡ್ ರೈಕ್ ಮುಂತಾದವರು ಸೇರಿ 73 ಸಮುದಾಯಗಳ ಡಿಎನ್‌ಎ ನೋಡಿ ಒಂದು ಅಧ್ಯಯನ ಪ್ರಕಟಿಸಿದರು. ಡಿಎನ್‌ಎಯಲ್ಲಿ ಜಾತಿ ಬರೆದಿರಲ್ಲ, ತಪ್ಪು ತಿಳೀಬೇಡಿ. ಆದರೆ ಬೇರೆ ಬೇರೆ ಮೂಲದ ಜನ ಬೆರೆತರೆ ಅದರ ಗುರುತು ತುಣುಕು ತುಣುಕಾಗಿ ಉಳಿಯುತ್ತೆ. ತಲೆಮಾರು ಕಳೆದ ಹಾಗೆ, ಇಸ್ಪೀಟ್ ಎಲೆ ಮತ್ತೆ ಮತ್ತೆ ಕಲಸಿದ ಹಾಗೆ, ಆ ತುಣುಕುಗಳು ಚಿಕ್ಕದಾಗ್ತಾ ಹೋಗ್ತವೆ. ತುಣುಕಿನ ಉದ್ದ ಅಳೆದು ಬೆರೆತು ಎಷ್ಟು ತಲೆಮಾರಾಯ್ತು ಅಂತ ಲೆಕ್ಕ ಹಾಕಬಹುದು. ಅವರಿಗೆ ಸಿಕ್ಕಿದ ಉತ್ತರ: ಸುಮಾರು 4,200 ವರ್ಷದ ಹಿಂದಿನಿಂದ 1,900 ವರ್ಷದ ಹಿಂದಿನವರೆಗೆ ಈ ದೇಶದ ಜನ ಚೆನ್ನಾಗಿ ಬೆರೆತರು. ಮೇಲಿನವರು ಕೆಳಗಿನವರು, ಉತ್ತರ ದಕ್ಷಿಣ, ಬುಡಕಟ್ಟಿನವರೂ ಸೇರಿ. ಆಮೇಲೆ ಬೆರಕೆ ನಿಂತುಹೋಯ್ತು. ಒಳಗೊಳಗೇ ಮದುವೆ ಶುರುವಾಯ್ತು.

ನಾನು ಮೇಲೆ ಹೇಳಿದ ಕೊನೇ ಎರಡು ತಿಂಗಳ ಲೆಕ್ಕ ಇದೇ. ಬಾಬಾಸಾಹೇಬರು ತರ್ಕದಿಂದ ಹೇಳಿದ್ದಕ್ಕೆ 97 ವರ್ಷದ ಮೇಲೆ ಪ್ರಯೋಗಾಲಯ ತಾರೀಖು ಹಾಕಿಕೊಟ್ಟಿತು.

2019ರಲ್ಲಿ ಹರಿಯಾಣದ ರಾಖಿಗಢಿಯಲ್ಲಿ ಸಿಕ್ಕ ಹರಪ್ಪ ಕಾಲದ ಒಬ್ಬ ಹೆಂಗಸಿನ ಡಿಎನ್‌ಎ ಫಲಿತಾಂಶವೂ ಬಂತು. ಮಧ್ಯ ಏಷ್ಯಾದ ಹುಲ್ಲುಗಾವಲಿನ ಪಶುಪಾಲಕರ ಅಂಶ ಆಕೆಯಲ್ಲಿಲ್ಲ, ಅವರು ಆಮೇಲೆ ಬಂದವರು. ಇದನ್ನ ಹಿಡಿದು ನಮ್ಮವರೇ ಕೆಲವರು "ನೋಡಿ, ನಾವು ಮಾತ್ರ ಮೂಲನಿವಾಸಿಗಳು, ಅವರೆಲ್ಲ ಹೊರಗಿನವರು" ಅಂತಾರೆ. ಸಿಟ್ಟು ಅರ್ಥ ಆಗುತ್ತೆ. ಆದರೆ ಆ ಹೆಂಗಸಿನ ಕಡೆಯ ರಕ್ತ ಇವತ್ತು ಬಹುತೇಕ ಎಲ್ಲರಲ್ಲೂ ಹರೀತಿದೆ, ಅಗ್ರಹಾರದಲ್ಲೂ ಹೊಲಗೇರಿಯಲ್ಲೂ. ರಕ್ತದ ಮೇಲೆ ಜಾತಿ ಕಟ್ಟೋ ವಾದವನ್ನ ಬಾಬಾಸಾಹೇಬರೇ ಒಪ್ಪಲಿಲ್ಲ. ಶೂದ್ರರು ಯಾರು ಅಂತ 1946ರಲ್ಲಿ, ಅಸ್ಪೃಶ್ಯರು ಯಾರು ಅಂತ 1948ರಲ್ಲಿ ಎರಡು ಪುಸ್ತಕ ಬರೆದು, ಅಸ್ಪೃಶ್ಯರದು ಬೇರೆ ಜನಾಂಗವಲ್ಲ ಅಂತ ಹೇಳಿದರು. ಅಸ್ಪೃಶ್ಯತೆ ಬೇರೂರಿದ್ದು ಕ್ರಿ.ಶ. 400ರ ಸುಮಾರಿಗೆ, ಬೌದ್ಧ ಧರ್ಮದ ಜೊತೆಗಿನ ಜಗಳ, ದನದ ಮಾಂಸದ ವಿಚಾರ ಅದಕ್ಕೆ ಕಾರಣ ಅಂತ ಅವರ ತೀರ್ಮಾನ. ನಾವು ಬೇರೆ ರಕ್ತ ಅಂತ ಒಪ್ಪಿಕೊಂಡುಬಿಟ್ಟರೆ ಮನುವಿಗೆ ನಾವೇ ಸಾಕ್ಷಿ ಹೇಳಿದ ಹಾಗೆ.

ಬಾಗಿಲು ಮುಚ್ಚಿದ್ದಕ್ಕೆ ಕಾಗದದ ದಾಖಲೆಯೂ ಇದೆ. ಚಾಂಡಾಲರು ಊರಾಚೆ ಇರಬೇಕು, ಒಡೆದ ಪಾತ್ರೆ ಬಳಸಬೇಕು, ಹೆಣದ ಬಟ್ಟೆ ಉಡಬೇಕು ಅಂತ ಬರೆದ ಮನುಸ್ಮೃತಿ ಕ್ರಿ.ಶ. ಶುರುವಾಗೋ ಆಸುಪಾಸಿನದು. 5ನೇ ಶತಮಾನದ ಆರಂಭದಲ್ಲಿ ಚೀನಾದಿಂದ ಬಂದ ಬೌದ್ಧ ಯಾತ್ರಿಕ ಫಾಹಿಯಾನ್, ಚಾಂಡಾಲರು ಪೇಟೆಗೆ ಬರುವಾಗ ಕೋಲು ಬಡಿದು ಸದ್ದು ಮಾಡ್ತಾ ಬರಬೇಕು, ಜನ ದೂರ ಸರೀಲಿ ಅಂತ, ಎಂದು ಬರೆದಿಟ್ಟ. ಮೊಹೆಂಜೊದಾರೊ ಹಾಳಾಗಿ ಆಗಲೇ ಎರಡು ಸಾವಿರ ವರ್ಷದ ಮೇಲಾಗಿತ್ತು.

ಈಗ ಆ ಹಿರಿಯರಿಗೆ ಉತ್ತರ. ಸಾರ್, ಈಜಿಪ್ಟಲ್ಲಿ ಇತ್ತು, ಬ್ಯಾಬಿಲೋನಲ್ಲಿ ಇತ್ತು, ನಿಜ. ಹಮ್ಮುರಾಬಿಯ ಕಲ್ಲು ಈಗ ಪ್ಯಾರಿಸ್ಸಿನ ಮ್ಯೂಸಿಯಮ್ಮಲ್ಲಿದೆ, ಜನ ಟಿಕೆಟ್ ತಗೊಂಡು ನೋಡ್ತಾರೆ. ನಮ್ಮದು ಮ್ಯೂಸಿಯಮ್ಮಿಗೆ ಹೋಗಿಲ್ಲ. ಮಲ ಹೊರಿಸೋದನ್ನ ನಿಷೇಧಿಸಿ 1993ರಲ್ಲಿ ಒಂದು ಕಾನೂನು ಬಂತು, ಸಾಲಲಿಲ್ಲ ಅಂತ 2013ರಲ್ಲಿ ಇನ್ನೊಂದು ಬಂತು. ಅದೇ 2013, ಡಿಎನ್‌ಎ ವರದಿ ಬಂದ ವರ್ಷ. ಮ್ಯಾನ್‌ಹೋಲಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನ 30 ಲಕ್ಷ ಮಾಡಿತು. ಸಾಯೋದು ನಿಂತಿದ್ದರೆ ಮೊತ್ತ ಏರಿಸೋ ಕೆಲಸ ಕೋರ್ಟಿಗೆ ಇರ್ತಿರಲಿಲ್ಲ.

ಆ ಇಬ್ಬರು ಹುಡುಗರಲ್ಲಿ ಒಬ್ಬ ಈ ವರ್ಷ ಬಿಎಗೆ ಸೇರಿದ್ದಾನೆ, ಇತಿಹಾಸವನ್ನೇ ತಗೊಂಡಿದ್ದಾನೆ. ತಮ್ಮಾ, ಸಿಂಧೂ ಕಣಿವೆಯ ಒಳಚರಂಡಿ ವ್ಯವಸ್ಥೆ ವಿವರಿಸಿ ಅಂತ ಪ್ರಶ್ನೆ ಬಂದೇ ಬರುತ್ತೆ. ಇಟ್ಟಿಗೆ, ಮುಚ್ಚಳ, ಇಳಿಜಾರು ಎಲ್ಲ ಬರಿ, ಅಂಕ ಅದಕ್ಕೇ ಕೊಡೋದು. ಕೊನೇಲಿ ಆ ಮರಳಿನ ಗುಡ್ಡೆ ಬಗ್ಗೆಯೂ ಎರಡು ಸಾಲು ಬರಿ. ಅಂಕ ಕೊಡದಿದ್ರೂ ಪರವಾಗಿಲ್ಲ, ಪೇಪರ್ ತಿದ್ದೋರು ಓದಲಿ.

ಜೈ ಭೀಮ್.